ಶ್ರಾಪ್‌ಶೈರ್‌ನ ಅಷ್ಟಾಗಿ ಗೊತ್ತಿಲ್ಲದ ಜಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳೆಯರು, ಊರಿಂದ ಬರುವ ನೆಂಟರು, ಮಗಳ ಮನೆಗೆ ಮೂರು ತಿಂಗಳು ಇರಲು ಬಂದ ಹಿರಿಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರತಿ ಸಲ ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಮರೆತುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ. ಮೊದಲ ಸಲ ಬರುವವರು ಮೇಲಿನಿಂದ ಓದಿ. ಒಂದೆರಡು ಸಲ ಬಂದು ಹೋದವರು ಕೊನೆಯ ಭಾಗಕ್ಕೆ ನೇರವಾಗಿ ಹೋಗಬಹುದು.

## ಹೊರಡುವ ಮೊದಲು

ಶ್ರಾಪ್‌ಶೈರ್ ಅಂದ್ರೆ ಎಲ್ಲಿ? ಹೆಸರೇ ಕೇಳಿಲ್ವಲ್ಲ!

ಇಂಗ್ಲೆಂಡಿನ ಪಶ್ಚಿಮದ ಅಂಚು, ವೇಲ್ಸ್ ಗಡಿಗೆ ತಾಗಿಕೊಂಡಿದೆ. ಬರ್ಮಿಂಗ್‌ಹ್ಯಾಮ್‌ನಿಂದ ವಾಯುವ್ಯಕ್ಕೆ ಹೊರಟರೆ ಸಿಗುತ್ತದೆ. ವಿಸ್ತೀರ್ಣ ಸುಮಾರು 3,500 ಚದರ ಕಿ.ಮೀ. ನಮ್ಮ ಕೊಡಗಿಗಿಂತ ಸ್ವಲ್ಪ ಚಿಕ್ಕದು, ಜನರ ಲೆಕ್ಕದಲ್ಲಿ ಕೊಡಗಿನಷ್ಟೇ. ಟೆಲ್ಫರ್ಡ್ ಒಂದನ್ನು ಬಿಟ್ಟರೆ ದೊಡ್ಡ ಪಟ್ಟಣ ಅನ್ನುವಂಥದ್ದು ಶ್ರೂಸ್‌ಬರಿ ಮಾತ್ರ. ಉಳಿದದ್ದೆಲ್ಲ ಸಂತೆಯ ಊರುಗಳು, ಕುರಿ ಮೇಯುವ ಗುಡ್ಡಗಳು, ಹೊಲ, ತೋಪು. ದಕ್ಷಿಣದ ಗುಡ್ಡಗಾಡನ್ನು 1958ರಲ್ಲೇ ಸಂರಕ್ಷಿತ ಭೂದೃಶ್ಯ ಅಂತ ಘೋಷಿಸಿದರು. ಜಿಲ್ಲೆಯ ಹಳೆಯ ಅಡ್ಡಹೆಸರು ಸಾಲಪ್. ಇಲ್ಲಿಯವರು ತಮ್ಮನ್ನು ಸಲೋಪಿಯನ್ ಅಂತ ಕರೆದುಕೊಳ್ಳುತ್ತಾರೆ.

ಶ್ರೂಸ್‌ಬರಿ ಅನ್ನಬೇಕೋ ಶ್ರೋಸ್‌ಬರಿ ಅನ್ನಬೇಕೋ ಅಂತಲೂ ಕೇಳುತ್ತಾರೆ. ಊರಿನವರಲ್ಲೇ ಒಮ್ಮತ ಇಲ್ಲ. ನೀವು ಹೇಗೆ ಅಂದರೂ ನಡೆಯುತ್ತದೆ.

ಲಂಡನ್ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಬರಬಹುದು, ಆದರೆ ದಯವಿಟ್ಟು ಬೇಡ. ಲಂಡನ್ನಿಂದ ಶ್ರೂಸ್‌ಬರಿಗೆ ಸುಮಾರು 260 ಕಿ.ಮೀ. ರೈಲಿನಲ್ಲಿ ಒಂದು ಕಡೆ ಬದಲಿಸಿಕೊಂಡು ಬಂದರೆ ಎರಡೂವರೆ ಮೂರು ಗಂಟೆ. ಹೋಗಿ ಬರುವುದಕ್ಕೇ ಆರು ಗಂಟೆ ಕಳೆದರೆ ನೋಡುವುದು ಯಾವಾಗ? ಇಲ್ಲಿನ ಜಾಗಗಳೆಲ್ಲ ಚಿಕ್ಕವು. ಒಂದೊಂದರಲ್ಲೂ ಸುಮ್ನೆ ಕೂರಲು ಹೊತ್ತು ಬೇಕು. ಎರಡು ರಾತ್ರಿ ಉಳಿಯುವಂತೆ ಬನ್ನಿ. ದಿನಕ್ಕೆ ಒಂದೇ ಕಣಿವೆ ಅಂತ ಇಟ್ಟುಕೊಳ್ಳಿ. ಚರ್ಚ್ ಸ್ಟ್ರೆಟನ್ ಅಥವಾ ಬಿಷಪ್ಸ್ ಕ್ಯಾಸಲ್‌ನಲ್ಲಿ ಉಳಿದರೆ ದಕ್ಷಿಣದ ಗುಡ್ಡಗಳೆಲ್ಲ ಹತ್ತಿರ. ಬರ್ಮಿಂಗ್‌ಹ್ಯಾಮ್ ಕಡೆ ಇರುವವರಿಗೆ ಮಾತ್ರ ಬೆಳಗ್ಗೆ ಬಂದು ಸಂಜೆ ಹೋಗುವುದು ಸಲೀಸು. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆ ಅಷ್ಟೆ.

ಕಾರಿಲ್ಲದೆ ಆಗುತ್ತಾ?

ಅರ್ಧ ಆಗುತ್ತದೆ. ಶ್ರೂಸ್‌ಬರಿಯಿಂದ ಹೆರಿಫರ್ಡ್ ಕಡೆಗೆ ಹೋಗುವ ರೈಲು ಚರ್ಚ್ ಸ್ಟ್ರೆಟನ್, ಕ್ರೇವನ್ ಆರ್ಮ್ಸ್, ಲಡ್ಲೋ ಮೂರನ್ನೂ ಮುಟ್ಟುತ್ತದೆ. ಚರ್ಚ್ ಸ್ಟ್ರೆಟನ್‌ಗೆ ಕಾಲು ಗಂಟೆ. ಸ್ಟೇಷನ್ನಿಂದ ಹೊರಗೆ ಬಂದರೆ ಎದುರಿಗೇ ಲಾಂಗ್ ಮಿಂಡ್ ಗುಡ್ಡ. ಊರು ದಾಟಿ ಕಾರ್ಡಿಂಗ್ ಮಿಲ್ ಕಣಿವೆ ಹಿಡಿದರೆ ಇಡೀ ದಿನ ನಡೆಯಬಹುದು. ಕ್ರೇವನ್ ಆರ್ಮ್ಸ್‌ನಲ್ಲಿ ಇಳಿದರೆ ಸ್ಟೋಕ್ಸೇ ಕೋಟೆಗೆ ಒಂದೂವರೆ ಕಿ.ಮೀ. ನಡಿಗೆ.

ಆದರೆ ಕ್ಲನ್ ಕಣಿವೆ, ಸ್ಟಿಪರ್‌ಸ್ಟೋನ್ಸ್ ಗುಡ್ಡ, ಮಿಚೆಲ್ಸ್ ಫೋಲ್ಡ್ ಅನ್ನುವ ಕಲ್ಲುಗಳ ವೃತ್ತ ಇವಕ್ಕೆಲ್ಲ ರೈಲಿಲ್ಲ. ಬಸ್ಸು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಬೇಸಿಗೆಯ ವಾರಾಂತ್ಯಗಳಲ್ಲಿ ಗುಡ್ಡಗಳ ನಡುವೆ ಓಡಾಡುವ ಬಸ್ಸಿನ ವ್ಯವಸ್ಥೆ ಮಾಡುತ್ತಾರೆ. ಆ ವರ್ಷದ ವೇಳಾಪಟ್ಟಿ ನೋಡಿಕೊಂಡೇ ಹೊರಡಿ.

ಯಾವ ತಿಂಗಳು ಒಳ್ಳೇದು?

ಹಿರಿಯರು ಜೊತೆಗಿದ್ದರೆ ಮೇ, ಜೂನ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ. ಮೇ ತಿಂಗಳಲ್ಲಿ ಕಾಡಿನ ನೆಲವೆಲ್ಲ ಬ್ಲೂಬೆಲ್ ಹೂವಿನಿಂದ ನೀಲಿಯಾಗಿರುತ್ತದೆ. ನನ್ನನ್ನು ಕೇಳಿದರೆ ಆಗಸ್ಟ್. ಆಗ ಲಾಂಗ್ ಮಿಂಡ್ ಮತ್ತು ಸ್ಟಿಪರ್‌ಸ್ಟೋನ್ಸ್ ಮೇಲೆ ಹೆದರ್ ಅನ್ನುವ ಕುರುಚಲು ಗಿಡ ಅರಳಿ ಗುಡ್ಡಕ್ಕೆ ಗುಡ್ಡವೇ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಚಳಿಗಾಲದಲ್ಲಿ ಬಂದರೆ ಮಧ್ಯಾಹ್ನ ಎರಡರೊಳಗೆ ಗುಡ್ಡ ಇಳಿಯಲು ಶುರು ಮಾಡಿ.

ನಾವು ಸಸ್ಯಾಹಾರಿಗಳು. ಹಳ್ಳಿ ಕಡೆ ಊಟಕ್ಕೆ ಏನು ಮಾಡೋದು?

ಹಸಿದುಕೊಂಡು ಯಾರೂ ವಾಪಸ್ ಹೋಗಿಲ್ಲ. ಹಳ್ಳಿಯ ಪಬ್ ಅಂದರೆ ಬರೀ ಕುಡಿಯುವ ಜಾಗ ಅಲ್ಲ, ಮನೆಮಂದಿಯೆಲ್ಲ ಹೋಗಿ ಊಟ ಮಾಡುವ ಜಾಗ. ಸಸ್ಯಾಹಾರದ ಒಂದೆರಡು ಬಗೆ ಇದ್ದೇ ಇರುತ್ತದೆ. ತೊಂದರೆ ಇರುವುದು ಹೊತ್ತಿನದು. ಮಧ್ಯಾಹ್ನ ಎರಡೂವರೆಗೆ ಅಡುಗೆಮನೆ ಮುಚ್ಚಿದರೆ ಮತ್ತೆ ಸಂಜೆ ಆರಕ್ಕೇ ಒಲೆ ಹಚ್ಚುವುದು. ನಾವು ಮೂರು ಗಂಟೆಗೆ ಊಟಕ್ಕೆ ಹೋಗುವವರು, ಅಲ್ವಾ? ಅದಕ್ಕೇ ನಮ್ಮ ಮನೆಯಲ್ಲಿ ಚಪಾತಿ ಸುರುಳಿ, ಪುಳಿಯೋಗರೆ, ಒಂದು ಡಬ್ಬಿ ಚಟ್ನಿಪುಡಿ ಕಾರಿನಲ್ಲಿ ಯಾವಾಗಲೂ ಇರುತ್ತದೆ.

ಫಿಜೆಟ್ ಪೈ ಇಲ್ಲಿಯ ಹೆಸರಾಂತ ತಿಂಡಿ. ಅದರಲ್ಲಿ ಸೇಬು, ಈರುಳ್ಳಿ ಜೊತೆಗೆ ಹಂದಿಮಾಂಸ ಇರುತ್ತದೆ, ನೋಡಿಕೊಳ್ಳಿ. ಶ್ರಾಪ್‌ಶೈರ್ ಬ್ಲೂ ಅನ್ನುವ ಕಿತ್ತಳೆ ಬಣ್ಣದ ಚೀಸ್ ಮೊದಲು ತಯಾರಾದದ್ದು ಇಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ. ಚೀಸ್ ಕೊಳ್ಳುವಾಗ ಸಸ್ಯಾಹಾರಿಗಳಿಗೆ ಆಗುತ್ತದಾ ಅಂತ ಕೇಳಿ. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದೂ ಉಂಟು.

ತಪ್ಪದೇ ತಿನ್ನಬೇಕಾದದ್ದು ವಿನ್‌ಬೆರಿ. ಜುಲೈ, ಆಗಸ್ಟ್‌ನಲ್ಲಿ ಗುಡ್ಡದ ಮೇಲೆ ಮೊಣಕಾಲೆತ್ತರದ ಪೊದೆಗಳಲ್ಲಿ ಬಿಡುವ ಕರಿನೀಲಿ ಹಣ್ಣು. ಅವರೆಕಾಳಿಗಿಂತ ಚಿಕ್ಕದು. ಬಗ್ಗಿ ಬಗ್ಗಿ ಒಂದು ಬೊಗಸೆ ಕಿತ್ತರೆ ಬೆರಳೆಲ್ಲ ನೇರಳೆ. ಹಿಂದೆ ಬಡ ಸಂಸಾರಗಳು ಈ ಹಣ್ಣು ಕಿತ್ತು ಮಾರಿ ಮಕ್ಕಳಿಗೆ ಚಳಿಗಾಲದ ಬೂಟು ಕೊಡಿಸುತ್ತಿದ್ದವಂತೆ.

## ಮೊದಲ ಸಲ ಬರುವವರಿಗೆ

ಐರನ್‌ಬ್ರಿಜ್ ನೋಡಿ ಆಯ್ತು, ಲಡ್ಲೋ ನೋಡಿ ಆಯ್ತು. ಜನ ಇಲ್ಲದ ಜಾಗ ಒಂದೇ ಒಂದು ಹೇಳಿ ಅಂದ್ರೆ ಯಾವುದು?

ಮಿಚೆಲ್ಸ್ ಫೋಲ್ಡ್. ಯೋಚನೆಯೇ ಬೇಡ.

ಶ್ರೂಸ್‌ಬರಿಯಿಂದ ನೈಋತ್ಯಕ್ಕೆ ಸುಮಾರು 26 ಕಿ.ಮೀ. ಬಿಷಪ್ಸ್ ಕ್ಯಾಸಲ್ ಕಡೆಗೆ ಹೋಗುವ ಎ488 ರಸ್ತೆಯಿಂದ ಪ್ರೀಸ್ಟ್ ವೆಸ್ಟನ್ ಕಡೆಗೆ ತಿರುಗಬೇಕು. ಕಾರು ನಿಲ್ಲಿಸಿ ಸ್ವಲ್ಪ ದೂರ ನಡೆದರೆ ಬಯಲು ಗುಡ್ಡದ ನೆತ್ತಿ. ಅಲ್ಲಿ ಕಂಚಿನ ಯುಗದ ಕಲ್ಲುಗಳ ವೃತ್ತ ಇದೆ. ನಿಲ್ಲಿಸಿ 3,000 ವರ್ಷಕ್ಕೂ ಜಾಸ್ತಿಯಾಗಿದೆ. ಈಗ ಉಳಿದಿರುವುದು 15 ಕಲ್ಲು. ದೊಡ್ಡದು ಆಳೆತ್ತರ, ಕೆಲವು ಹುಲ್ಲಿನಲ್ಲಿ ಮುಚ್ಚಿಹೋಗುವಷ್ಟು ಗಿಡ್ಡ. ಟಿಕೆಟ್ ಇಲ್ಲ, ಕಾವಲಿಲ್ಲ, ಬೇಲಿ ಇಲ್ಲ.

ಇಲ್ಲಿಯ ಕಥೆ ಕೇಳಿ. ಒಂದು ಕಾಲದಲ್ಲಿ ಭೀಕರ ಬರ ಬಂತು. ಆಗ ಒಂದು ಬಿಳಿ ಹಸು ಈ ಗುಡ್ಡಕ್ಕೆ ಬಂತು. ಯಾರು ಬೇಕಾದರೂ ಹಾಲು ಕರೆದುಕೊಳ್ಳಬಹುದು, ಆದರೆ ಒಬ್ಬರಿಗೆ ಒಂದೇ ಪಾತ್ರೆ. ಊರೆಲ್ಲ ಹಾಗೇ ನಡೆದುಕೊಂಡು ಬದುಕಿತು. ಒಂದು ರಾತ್ರಿ ಮಾಟಗಾತಿಯೊಬ್ಬಳು ಪಾತ್ರೆಯ ಬದಲು ಜರಡಿ ಹಿಡಿದುಕೊಂಡು ಬಂದಳು. ಎಷ್ಟು ಕರೆದರೂ ತುಂಬಲಿಲ್ಲ. ಹಸುವಿಗೆ ಮೋಸ ಗೊತ್ತಾಯಿತು. ಅದು ಅಲ್ಲಿಂದ ಮಾಯವಾಯಿತು, ಮತ್ತೆ ಬರಲಿಲ್ಲ. ಮಾಟಗಾತಿ ನಿಂತಲ್ಲೇ ಕಲ್ಲಾದಳು. ಅವಳು ತಪ್ಪಿಸಿಕೊಳ್ಳದಿರಲಿ ಅಂತ ಸುತ್ತಲೂ ಉಳಿದ ಕಲ್ಲುಗಳನ್ನು ನೆಟ್ಟರು. ಹತ್ತಿರದ ಮಿಡಲ್ಟನ್ ಹಳ್ಳಿಯ ಚರ್ಚಿನ ಕಂಬವೊಂದರ ಬೋದಿಗೆಯಲ್ಲಿ ಈ ಹಸು, ಜರಡಿ ಎಲ್ಲ ಕೆತ್ತನೆಯಾಗಿದೆ.

ನಾನು ಅಲ್ಲಿ ಹೋದಾಗಲೆಲ್ಲ ದೊಡ್ಡ ಕಲ್ಲಿನ ಪಕ್ಕ ಕೂರುತ್ತೇನೆ. ಕುರಿಗಳು ಮೈ ಉಜ್ಜಿ ಉಜ್ಜಿ ಕಲ್ಲಿನ ಕೆಳಭಾಗ ನುಣುಪಾಗಿದೆ. ಮೇಲೆ ಬೂದು, ಹಳದಿ ಕಲ್ಲುಹೂವು. ಅದರ ಒರಟಿಗೆ ಉಣ್ಣೆಯ ಎಳೆಗಳು ಸಿಕ್ಕಿಕೊಂಡು ಗಾಳಿಗೆ ನಡುಗುತ್ತಿರುತ್ತವೆ. ಎದುರಿಗೆ ಕಾರ್ಂಡನ್ ಗುಡ್ಡ. ಅದು ಆಗಲೇ ವೇಲ್ಸ್.

ಅಪ್ಪ ಅಮ್ಮ ಬಂದಿದ್ದಾರೆ, ಮಂಡಿ ನೋವು. ಜಾಸ್ತಿ ನಡೆಯೋಕಾಗಲ್ಲ. ಎಲ್ಲಿ ಕರ್ಕೊಂಡು ಹೋಗ್ಲಿ?

ಮೊದಲು ಸ್ಟೋಕ್ಸೇ. ಕೋಟೆ ಅನ್ನುತ್ತಾರೆ, ನಿಜಕ್ಕೂ ಅದು ಕೋಟೆಯ ವೇಷ ಹಾಕಿದ ಮನೆ. ಕಟ್ಟಿಸಿದವನು ರಾಜನಲ್ಲ, ಲಾರೆನ್ಸ್ ಆಫ್ ಲಡ್ಲೋ ಅನ್ನುವ ಉಣ್ಣೆ ವ್ಯಾಪಾರಿ. 1291ರಲ್ಲಿ ಅರಸನಿಂದ ಅಪ್ಪಣೆ ಪಡೆದು ಮನೆಗೆ ಕೋಟೆಯ ಗೋಡೆ ಕಟ್ಟಿಸಿದ. ಮೂರು ವರ್ಷದಲ್ಲಿ ಹಡಗು ಮುಳುಗಿ ಸತ್ತ. ಅವನು ಮಾಡಿಸಿದ ನಡುಮನೆ 700 ವರ್ಷ ಕಳೆದರೂ ನಿಂತಿದೆ. ಮರದ ತೊಲೆಗಳ ಮಾಡು, ಇಡೀ ಮರದ ದಿಮ್ಮಿ ಕಡಿದು ಮಾಡಿದ ಮೆಟ್ಟಿಲು ಎಲ್ಲ ಅವತ್ತಿನವೇ. ಮೇಲೆ ಹತ್ತಲಾಗದವರು ಅಂಗಳದ ಹುಲ್ಲಿನಲ್ಲಿ ಕೂತರೂ ಸಾಕು. ಹಳದಿ ಬಣ್ಣದ ಮರದ ಹೆಬ್ಬಾಗಿಲು ಮಾತ್ರ 1640ರ ದಶಕದ್ದು. ಅದರ ಮೇಲೆ ಆಡಮ್, ಈವ್ ಮತ್ತು ಹಾವಿನ ಕೆತ್ತನೆ ಹುಡುಕಿ ನೋಡಿ. ಇದಕ್ಕೆ ಟಿಕೆಟ್ ಇದೆ.

ಎರಡನೆಯದು ಮೆಲ್ವರ್ಲಿಯ ಸೇಂಟ್ ಪೀಟರ್ಸ್ ಚರ್ಚ್. ವರ್ನ್ವಿ ನದಿಯ ದಡದ ಅಂಚಿನಲ್ಲೇ ಇದೆ. ಹಳೆಯ ಚರ್ಚನ್ನು ವೇಲ್ಸ್‌ನ ಬಂಡಾಯಗಾರರು ಸುಟ್ಟ ಮೇಲೆ 1406ರಲ್ಲಿ ಹೊಸದಾಗಿ ಕಟ್ಟಿದರು. ಕಲ್ಲಿಲ್ಲ. ಓಕ್ ಮರದ ಚೌಕಟ್ಟು, ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತಿದ ಗೋಡೆ. ಮರಕ್ಕೆ ಮರವನ್ನು ಗೂಟ ಹೊಡೆದು ಕೂರಿಸಿದ್ದಾರೆ. ನಮ್ಮ ಕಡೆಯ ಹಳೇ ಮನೆಗಳನ್ನು ಕಂಡ ಹಿರಿಯರಿಗೆ ಈ ಕೆಲಸ ನೋಡಿದ ಕೂಡಲೇ ಅರ್ಥವಾಗುತ್ತದೆ. ನಮ್ಮಮ್ಮ ಗೋಡೆ ಮುಟ್ಟಿ, "ಇದು ನಮ್ಮ ಅಜ್ಜಿ ಮನೆ ಹಿಂದಿನ ಕೊಟ್ಟಿಗೆ ಗೋಡೆ ಕಣೋ" ಅಂದಿದ್ದರು.

ಇನ್ನೂ ಹೊತ್ತಿದ್ದರೆ ಎಲ್ಸ್‌ಮಿಯರ್. ಹಿಮನದಿಗಳು ಕರಗಿ ಉಳಿಸಿಹೋದ ಕೆರೆಗಳ ಊರು. ಕೆರೆಯ ಪಕ್ಕದಲ್ಲೇ ಕಾರು ನಿಲ್ಲುತ್ತದೆ, ಬೆಂಚುಗಳಿವೆ. ವಸಂತದಲ್ಲಿ ಬೂದು ಕೊಕ್ಕರೆಗಳು ಗೂಡು ಕಟ್ಟಿರುತ್ತವೆ.

ಮಕ್ಕಳಿಗೆ ಬೇಜಾರಾಗದಂಥ ಜಾಗ ಹೇಳಿ. ಬರೀ ಕಲ್ಲು ತೋರಿಸಿದ್ರೆ ಅಳ್ತಾರೆ.

ರೆಕಿನ್ ಗುಡ್ಡ ಹತ್ತಿಸಿ. ಎತ್ತರ 407 ಮೀಟರ್. ಆರು ವರ್ಷದ ಮಗುವೂ ಒಂದು ಗಂಟೆಯಲ್ಲಿ ಹತ್ತುತ್ತದೆ. ಹತ್ತುವಾಗ ಈ ಕಥೆ ಹೇಳಿ. ವೇಲ್ಸ್‌ನ ಒಬ್ಬ ದೈತ್ಯನಿಗೆ ಶ್ರೂಸ್‌ಬರಿಯವರ ಮೇಲೆ ಸಿಟ್ಟು. ಸೆವರ್ನ್ ನದಿಗೆ ಅಡ್ಡ ಮಣ್ಣು ಸುರಿದು ಊರು ಮುಳುಗಿಸಬೇಕು ಅಂತ ದೊಡ್ಡ ಸಲಿಕೆ ತುಂಬ ಮಣ್ಣು ಹೊತ್ತು ಹೊರಟ. ದಾರಿ ತಪ್ಪಿತು. ಎದುರಿಗೆ ಒಬ್ಬ ಚಮ್ಮಾರ ಬಂದ. ರಿಪೇರಿಗೆ ಅಂತ ಊರಿನವರ ಹಳೇ ಬೂಟುಗಳನ್ನು ಚೀಲದಲ್ಲಿ ತುಂಬಿಕೊಂಡಿದ್ದ. ದೈತ್ಯ, "ಶ್ರೂಸ್‌ಬರಿ ಎಷ್ಟು ದೂರ?" ಅಂದ. ಚಮ್ಮಾರ ಚೀಲ ಸುರಿದು, "ಅಲ್ಲಿಂದ ಹೊರಟು ಇಷ್ಟು ಜೊತೆ ಬೂಟು ಸವೆಸಿದ್ದೀನಿ ಸ್ವಾಮಿ" ಅಂದ. ದೈತ್ಯನಿಗೆ ಸಾಕಾಯಿತು. ಮಣ್ಣನ್ನು ಅಲ್ಲೇ ಸುರಿದ, ಅದೇ ರೆಕಿನ್. ಬೂಟಿಗೆ ಮೆತ್ತಿದ್ದ ಮಣ್ಣು ಕೆರೆದು ಹಾಕಿದ, ಅದು ಪಕ್ಕದ ಪುಟ್ಟ ಅರ್ಕಲ್ ಗುಡ್ಡ. ಮಕ್ಕಳು ಇಳಿಯುವಾಗ ತಮ್ಮ ಬೂಟು ಕೆರೆದು ತಾವೂ ಒಂದು ಗುಡ್ಡ ಮಾಡುತ್ತಾರೆ.

ಜಿಲ್ಲೆಯ ಉತ್ತರಕ್ಕೆ ಹಾಕ್‌ಸ್ಟೋನ್ ಪಾರ್ಕ್ ಇದೆ. 18ನೇ ಶತಮಾನದ ಶ್ರೀಮಂತರು ಬಂಡೆಗಳ ನಡುವೆ ಗುಹೆ, ಸೇತುವೆ, ಗೋಪುರ ಅಂತ ಬೆರಗು ಹುಟ್ಟಿಸಲೆಂದೇ ಕಟ್ಟಿಸಿದ ಜಾಗ. ಟಾರ್ಚ್ ಒಯ್ಯಿರಿ, ಗುಹೆಯೊಳಗೆ ಗಾಢ ಕತ್ತಲು.

ದುಡ್ಡು ಕೊಡದೆ ನೋಡೋಂಥ ಕೋಟೆ, ಪಾಳುಮನೆ ಇವೆಯಾ?

ಬೇಕಾದಷ್ಟು. ನನಗೆ ತುಂಬ ಇಷ್ಟ ಆಕ್ಟನ್ ಬರ್ನೆಲ್. ಕೆಂಪು ಕಲ್ಲಿನ ನಾಲ್ಕು ಗೋಡೆ, ನೆತ್ತಿಯ ಮೇಲೆ ಆಕಾಶ. 1283ರಲ್ಲಿ ಒಂದನೇ ಎಡ್ವರ್ಡ್ ಇಲ್ಲಿ ಸಂಸತ್ತು ಸೇರಿಸಿದ. ವ್ಯಾಪಾರಿಗಳಿಗೆ ಬರಬೇಕಾದ ಸಾಲ ವಸೂಲಿಯ ಬಗ್ಗೆ ಅಲ್ಲಿ ಆದ ಕಾನೂನಿಗೆ ಈ ಹಳ್ಳಿಯ ಹೆಸರೇ ಇದೆ. ಅಲ್ಲಿಂದ ಹತ್ತಿರದಲ್ಲೇ ಲ್ಯಾಂಗ್ಲಿ ಚಾಪೆಲ್, ಹೊಲದ ನಡುವೆ ಒಂಟಿಯಾಗಿ ನಿಂತ ಪುಟ್ಟ ಪ್ರಾರ್ಥನಾ ಮಂದಿರ. ಒಳಗಿನ ಮರದ ಆಸನಗಳು ಸುಮಾರು 400 ವರ್ಷ ಹಿಂದಿನವು.

ಉತ್ತರದಲ್ಲಿ ಮೋರ್ಟನ್ ಕಾರ್ಬೆಟ್. ಎಲಿಜಬೆತ್ ರಾಣಿಯ ಕಾಲದ ಅರಮನೆಯ ಮುಂಗೋಡೆ ಮಾತ್ರ ಉಳಿದಿದೆ, ಕಿಟಕಿಗಳಲ್ಲಿ ಕಾಗೆಗಳ ವಾಸ. ಆಸ್ವೆಸ್ಟ್ರಿ ಪಕ್ಕದಲ್ಲಿ ಕಬ್ಬಿಣ ಯುಗದ ಬೆಟ್ಟದ ಕೋಟೆ ಇದೆ. ಕಲ್ಲಿನದಲ್ಲ, ಮಣ್ಣಿನ ಏರಿಗಳು ಒಂದರ ಹಿಂದೆ ಒಂದು ಸುತ್ತುವರಿದಿವೆ. ಅದರ ಮೇಲೆ ಸಂಜೆ ಒಂದು ಸುತ್ತು ಹಾಕಿ.

## ಗಾಡಿ, ದಾರಿ, ಬೇಲಿ

ಹಳ್ಳಿ ರಸ್ತೆ ನೋಡಿದ್ರೆ ಭಯ ಆಗುತ್ತೆ. ಎದುರಿಗೆ ಟ್ರಾಕ್ಟರ್ ಬಂದ್ರೆ?

ಒಬ್ಬರು ಹಿಂದಕ್ಕೆ ಹೋಗಬೇಕು. ಅಲ್ಲಲ್ಲಿ ರಸ್ತೆ ಸ್ವಲ್ಪ ಅಗಲ ಮಾಡಿರುತ್ತಾರೆ. ಯಾರಿಗೆ ಅದು ಹತ್ತಿರವೋ ಅವರು ಹಿಂದೆ ಸರಿಯುವುದು ಇಲ್ಲಿಯ ರೂಢಿ. ದಾಟುವಾಗ ಕೈ ಎತ್ತಿ ಧನ್ಯವಾದ ಹೇಳಿ, ಅದು ಇಲ್ಲಿ ದೊಡ್ಡ ಮರ್ಯಾದೆ. ಅಷ್ಟು ಕಿರಿದಾದ ದಾರಿಯಲ್ಲೂ 60 ಮೈಲಿ ವೇಗಕ್ಕೆ ಕಾನೂನು ಬಿಡುತ್ತದೆ. ಅದು ಮಿತಿ ಮಾತ್ರ, ನೀವು 20ರಲ್ಲಿ ಹೋಗಿ. ಎಡಗಡೆ ಓಡಿಸುವುದು ನಮಗೆ ರೂಢಿಯೇ. ಪ್ರವಾಸಕ್ಕೆ ಬಂದವರು ಭಾರತದ ಲೈಸೆನ್ಸ್‌ನಲ್ಲಿ 12 ತಿಂಗಳವರೆಗೆ ಕಾರು ಓಡಿಸಬಹುದು.

ಚರ್ಚ್ ಸ್ಟ್ರೆಟನ್‌ನಿಂದ ಲಾಂಗ್ ಮಿಂಡ್ ಹತ್ತುವ ಬರ್ವೇ ರಸ್ತೆಗೆ ಮಾತ್ರ ಹೊಸಬರು ಹೋಗಬೇಡಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ತಡೆಗೋಡೆ ಇಲ್ಲ. ನಾನೊಮ್ಮೆ ಮಂಜಿನಲ್ಲಿ ಹತ್ತಿ, ಎದುರಿಗೆ ವ್ಯಾನು ಬಂದು, ಹಿಂದಕ್ಕೆ ಇಳಿಸಿಕೊಂಡು ಬರುವಷ್ಟರಲ್ಲಿ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಬೇರೆಯವರ ಹೊಲದಲ್ಲಿ ನಡೆದ್ರೆ ಬೈಯಲ್ವಾ?

ಗುರುತು ಇರುವ ದಾರಿಯಲ್ಲಿ ನಡೆದರೆ ಯಾರೂ ಬೈಯುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿಗಳಿಗೆ ಕಾನೂನಿನ ರಕ್ಷಣೆ ಇದೆ. ಜಮೀನು ಯಾರದ್ದೇ ಆಗಲಿ, ದಾರಿ ಎಲ್ಲರದ್ದು. ಹಳದಿ ಬಾಣ ಇದ್ದರೆ ನಡೆಯುವವರಿಗೆ, ನೀಲಿ ಬಾಣ ಇದ್ದರೆ ಕುದುರೆ ಮತ್ತು ಸೈಕಲ್ಲಿಗೂ ಸೇರಿ.

ಮಲೆನಾಡಿನವರಿಗೆ ದಣಪೆ ಗೊತ್ತಿರುತ್ತದೆ. ಇಲ್ಲೂ ಬೇಲಿ ದಾಟಲು ಮರದ ಮೆಟ್ಟಿಲು, ತಿರುಗುವ ಗೇಟು ಇರುತ್ತವೆ. ನಿಯಮ ಒಂದೇ: ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಕರು ಜೊತೆಗಿರುವ ಹಸುಗಳ ಹತ್ತಿರ ಹೋಗಬೇಡಿ, ದೂರದಿಂದ ಬಳಸಿ ಹೋಗಿ. ಇಲ್ಲಿಯ ಹಸುಗಳಿಗೆ ಮೈ ಸವರುವ ಜನ ಅಭ್ಯಾಸವಿಲ್ಲ. ಬೇಸಿಗೆಯಲ್ಲಿ ಜರಿಗಿಡಗಳ ನಡುವೆ ನಡೆದರೆ ರಕ್ತ ಹೀರುವ ಉಣ್ಣಿ ಹತ್ತುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ. ಗುಡ್ಡಗಳ ನಡುವೆ ಫೋನು ಸಿಗ್ನಲ್ ಕೈಕೊಡುತ್ತದೆ. ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 217 ಅನ್ನುವ ಕಾಗದದ ನಕ್ಷೆಯಲ್ಲಿ ಲಾಂಗ್ ಮಿಂಡ್, ವೆನ್ಲಾಕ್ ಎಜ್ ಎರಡೂ ಇವೆ. ಕೊಂಡುಕೊಳ್ಳಿ.

## ಕಥೆ, ಚರಿತ್ರೆ ಬೇಕು ಅನ್ನುವವರಿಗೆ

ಸ್ಟಿಪರ್‌ಸ್ಟೋನ್ಸ್ ಮೇಲೆ ಸೈತಾನನ ಕುರ್ಚಿ ಇದೆಯಂತೆ, ಹೌದಾ?

ಇದೆ. ಗುಡ್ಡದ ಏಣಿನ ಉದ್ದಕ್ಕೂ ಮುರಿದ ಹಲ್ಲುಗಳ ಹಾಗೆ ಬೆಣಚುಕಲ್ಲಿನ ಬಂಡೆಗಳು ನಿಂತಿವೆ. ಅದರಲ್ಲಿ ಒಂದು ಗುಂಪಿಗೆ ಆ ಹೆಸರು. ಸೈತಾನ ಸೆರಗಿನಲ್ಲಿ ಕಲ್ಲು ತುಂಬಿಕೊಂಡು ಹೋಗುವಾಗ ಇಲ್ಲಿ ದಣಿವಾರಿಸಿಕೊಳ್ಳಲು ಕೂತನಂತೆ. ಏಳುವಾಗ ಗಂಟು ಬಿಚ್ಚಿ ಕಲ್ಲೆಲ್ಲ ಚೆಲ್ಲಿತಂತೆ. ಮೋಡ ಇಳಿದು ಬಂಡೆ ಕಾಣದಾದರೆ, ಅವನು ಕುರ್ಚಿಯಲ್ಲಿದ್ದಾನೆ ಅಂತ ಹಳ್ಳಿಯವರು ಹೇಳುತ್ತಿದ್ದರು. ನಾರ್ಮನ್ನರ ವಿರುದ್ಧ ಎದ್ದ ವೈಲ್ಡ್ ಎಡ್ರಿಕ್ ಅನ್ನುವ ಸ್ಯಾಕ್ಸನ್ ಪಾಳೆಯಗಾರ ಕೆಳಗಿನ ಸೀಸದ ಗಣಿಗಳಲ್ಲಿ ಈಗಲೂ ಇದ್ದಾನೆ, ಯುದ್ಧ ಬರುವ ಮುಂಚೆ ಕುದುರೆ ಏರಿ ಹೊರಬರುತ್ತಾನೆ ಅನ್ನುವ ನಂಬಿಕೆಯೂ ಇದೆ.

ಅತಿ ಎತ್ತರದ ಬಂಡೆ ಮ್ಯಾನ್‌ಸ್ಟೋನ್, ಸಮುದ್ರಮಟ್ಟದಿಂದ 536 ಮೀಟರ್. ಹಿಮಯುಗದಲ್ಲಿ ನೀರು ಬಿರುಕಿನೊಳಗೆ ಹೆಪ್ಪುಗಟ್ಟಿ ಕಲ್ಲನ್ನು ಸೀಳಿತು. ಸೀಳಿದ ಚೂರುಗಳ ಮೇಲೇ ನಿಮ್ಮ ದಾರಿ. ಗಟ್ಟಿ ಅಟ್ಟೆಯ ಬೂಟು ಹಾಕಿ. ಚಪ್ಪಲಿಯಲ್ಲಿ ಬಂದವರ ಪಾದ ನೋಡಿದ್ದೇನೆ.

ಅಲ್ಲೇ ಕೆಳಗೆ ಯಾವುದೋ ಗಣಿ ಇದೆ ಅಂದ್ರಿ. ನೋಡುವಂಥದ್ದಾ?

ಸ್ನೇಲ್‌ಬೀಚ್. ಹೆಸರಿನಲ್ಲಿ ಬೀಚ್ ಇದ್ದರೂ ಸಮುದ್ರಕ್ಕೂ ಇದಕ್ಕೂ ಸಂಬಂಧ ಇಲ್ಲ, ಇದು ಸೀಸದ ಗಣಿಯ ಹಳ್ಳಿ. ಎಂಜಿನ್ ಮನೆ, ಕಮ್ಮಾರಸಾಲೆ, ಚಿಮಣಿ ಎಲ್ಲ ಕಾಡಿನಂಚಿನಲ್ಲಿ ಉಳಿದಿವೆ. 1895ರ ಮಾರ್ಚ್‌ನಲ್ಲಿ ಕೆಲಸಗಾರರನ್ನು ಕೆಳಗಿಳಿಸುವ ಪಂಜರದ ಹಗ್ಗ ತುಂಡಾಗಿ ಏಳು ಜನ ಸತ್ತರು. ಹೊರಗಿನಿಂದ ಯಾವಾಗ ಬೇಕಾದರೂ ಸುತ್ತಾಡಬಹುದು. ಒಳಗೆ ಹೋಗಲು ಸ್ವಯಂಸೇವಕರು ಕರೆದೊಯ್ಯುವ ದಿನಗಳನ್ನು ಮೊದಲೇ ವಿಚಾರಿಸಿ. ಕಮ್ಮಾರಸಾಲೆಯ ಬಾಗಿಲಲ್ಲಿ ಎರಡು ನಿಮಿಷ ಮಾತಿಲ್ಲದೆ ನಿಲ್ಲಿ. ಪಂಜರಕ್ಕೆ ಕಾಯುತ್ತಾ ಆ ಏಳು ಜನ ಓಡಾಡಿದ ಅಂಗಳ ಅದು.

ಒಲಿಂಪಿಕ್ಸ್ ಹುಟ್ಟಿದ್ದು ಶ್ರಾಪ್‌ಶೈರ್‌ನಲ್ಲಿ ಅಂತಾರಲ್ಲ, ನಿಜಾನಾ?

ಹುಟ್ಟಿದ್ದು ಗ್ರೀಸಿನಲ್ಲೇ. ಆದರೆ ಅದಕ್ಕೆ ಮತ್ತೆ ಜೀವ ಬರಲು ಮಚ್ ವೆನ್ಲಾಕ್ ಅನ್ನುವ ಚಿಕ್ಕ ಊರು ಕಾರಣವಾಯಿತು. ಅಲ್ಲಿಯ ಡಾಕ್ಟರ್ ವಿಲಿಯಂ ಪೆನ್ನಿ ಬ್ರೂಕ್ಸ್ 1850ರಲ್ಲಿ ಊರಿನ ಕೂಲಿಕಾರರಿಗೂ ಆಟದ ಅವಕಾಶ ಸಿಗಲಿ ಅಂತ ಒಲಿಂಪಿಯನ್ ಆಟಗಳನ್ನು ಶುರು ಮಾಡಿದರು. ಆರಂಭದ ವರ್ಷಗಳಲ್ಲಿ ಅಜ್ಜಿಯರ ಓಟವೂ ಇತ್ತು, ಗೆದ್ದವರಿಗೆ ಒಂದು ಪೌಂಡ್ ಟೀ ಪುಡಿ. ಮುಂದೆ ಒಲಿಂಪಿಕ್ಸ್‌ಗೆ ಮತ್ತೆ ಜೀವ ಕೊಟ್ಟ ಫ್ರಾನ್ಸಿನ ಪಿಯೆರ್ ದ ಕೂಬರ್ಟಿನ್ 1890ರಲ್ಲಿ ಇಲ್ಲಿಗೆ ಬಂದು ನೋಡಿಹೋದರು. ಅವರಿಗಾಗಿ ನೆಟ್ಟ ಓಕ್ ಮರ ಲಿಂಡನ್ ಮೈದಾನದಲ್ಲಿದೆ. 1896ರ ಅಥೆನ್ಸ್ ಆಟಗಳಿಗೆ ನಾಲ್ಕು ತಿಂಗಳಿರುವಾಗ ಬ್ರೂಕ್ಸ್ ತೀರಿಕೊಂಡರು. ನೋಡಲಾಗಲಿಲ್ಲ ಪಾಪ. 2012ರ ಲಂಡನ್ ಒಲಿಂಪಿಕ್ಸ್‌ನ ಗೊಂಬೆಗೆ ವೆನ್ಲಾಕ್ ಅಂತ ಹೆಸರಿಟ್ಟಿದ್ದು ಇದಕ್ಕೇ. ಊರಿನ ಆಟಗಳು ಈಗಲೂ ಪ್ರತಿ ಜುಲೈನಲ್ಲಿ ನಡೆಯುತ್ತವೆ.

ಶ್ರೂಸ್‌ಬರಿ ಊರೊಳಗೆ ಅರ್ಧ ದಿನ ಇದೆ. ಎಲ್ಲರೂ ನೋಡದ್ದು ಏನಿದೆ?

ಡಿದರಿಂಗ್ಟನ್‌ನ ನಾರಗಸೆ ಗಿರಣಿ. ಸ್ಟೇಷನ್ನಿನಿಂದ ನಡೆದೇ ಹೋಗಬಹುದು. 1797ರ ಕಟ್ಟಡ. ಕಂಬ, ತೊಲೆ ಎಲ್ಲ ಎರಕದ ಕಬ್ಬಿಣ. ಆಗಿನ ಗಿರಣಿಗಳಲ್ಲಿ ಮರದ ಅಂತಸ್ತುಗಳು ನಾರಿನ ಧೂಳಿಗೆ ಬೆಂಕಿ ಹತ್ತಿ ಉರಿದುಹೋಗುತ್ತಿದ್ದವು. ಅದಕ್ಕೆ ಚಾರ್ಲ್ಸ್ ಬೇಜ್ ಕಬ್ಬಿಣದ ಚೌಕಟ್ಟು ಹಾಕಿ ಕಟ್ಟಿದರು. ಲೋಕದ ಮೊದಲ ಕಬ್ಬಿಣ ಚೌಕಟ್ಟಿನ ಕಟ್ಟಡ ಇದು. ಬೆಂಗಳೂರಿನಲ್ಲಿ ನೀವು ನೋಡುವ ಉಕ್ಕಿನ ಚೌಕಟ್ಟಿನ ಎತ್ತರದ ಕಟ್ಟಡಗಳಿಗೆಲ್ಲ ಅಜ್ಜ. ದಶಕಗಳ ಕಾಲ ಪಾಳುಬಿದ್ದಿದ್ದನ್ನು ಸರಿಪಡಿಸಿ 2022ರಲ್ಲಿ ಜನರಿಗೆ ತೆರೆದರು. ಕಂಬಗಳನ್ನು ಹತ್ತಿರದಿಂದ ನೋಡಿ. ಮನುಷ್ಯನ ತೊಡೆಯಷ್ಟೂ ದಪ್ಪ ಇಲ್ಲ.

## ಎರಡನೇ ಸಲ, ಮೂರನೇ ಸಲ ಬರುವವರಿಗೆ

ಟಿಪ್ಪು ಸುಲ್ತಾನನ ವಸ್ತುಗಳು ಇಲ್ಲೇ ಹತ್ತಿರ ಇವೆಯಂತೆ. ಹೌದಾ?

ಇವೆ. ಜಿಲ್ಲೆಯೊಳಗಲ್ಲ, ಗಡಿ ದಾಟಿದ ಕೂಡಲೇ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿ. ಶ್ರೂಸ್‌ಬರಿಯಿಂದ ವೆಲ್ಶ್‌ಪೂಲ್‌ಗೆ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಬಂದು, ಅಲ್ಲಿಂದ ನಡೆದು ಹೋಗಬಹುದು.

ಅವು ಅಲ್ಲಿಗೆ ಬಂದ ದಾರಿ ಶ್ರಾಪ್‌ಶೈರ್‌ನಿಂದಲೇ ಶುರುವಾಗುತ್ತದೆ. ಪ್ಲಾಸಿಯ ರಾಬರ್ಟ್ ಕ್ಲೈವ್ ಹುಟ್ಟಿದ್ದು 1725ರಲ್ಲಿ, ಮಾರ್ಕೆಟ್ ಡ್ರೇಟನ್ ಹತ್ತಿರ. ಶ್ರೂಸ್‌ಬರಿಯ ಸಂಸದ, ಮೇಯರ್ ಎರಡೂ ಆಗಿದ್ದ. ಊರಿನ ಚೌಕದಲ್ಲಿ ಅವನ ಪ್ರತಿಮೆ ಇದೆ. 2020ರಲ್ಲಿ ಅದನ್ನು ತೆಗೆಯಿರಿ ಅಂತ ಜನ ಮನವಿ ಕೊಟ್ಟರು, ಕೌನ್ಸಿಲ್ ಉಳಿಸಿಕೊಂಡಿತು. ಅವನ ಮಗ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅವನದ್ದೇ ಅಧಿಕಾರ. ಲೂಟಿಯ ಒಂದು ಪಾಲು ಆ ಮನೆತನಕ್ಕೆ ಸೇರಿತು. ಎಡ್ವರ್ಡ್ ಮದುವೆಯಾಗಿದ್ದು ಪೊವಿಸ್ ಮನೆತನದ ಹೆನ್ರಿಯೆಟ್ಟಾಳನ್ನು. ಹಾಗಾಗಿ ಎಲ್ಲ ಆ ಕೋಟೆ ಸೇರಿತು.

1800ರಲ್ಲಿ ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು ಸುತ್ತಿಬಂದಳು. ಸಾವಿರ ಮೈಲಿಗೂ ಜಾಸ್ತಿ ಪ್ರಯಾಣ. ಚಿಕ್ಕ ಮಗಳು ಷಾರ್ಲಟ್ ದಾರಿಯುದ್ದಕ್ಕೂ ದಿನಚರಿ ಬರೆದಿದ್ದಾಳೆ. ಕೋಟೆ ಬಿದ್ದ ಮರುವರ್ಷ ನಮ್ಮೂರುಗಳನ್ನು ಕಂಡ ಒಂದು ಮಗುವಿನ ಕಣ್ಣು ಅದು.

ಕ್ಲೈವ್ ಸಂಗ್ರಹದ ಕೋಣೆಯಲ್ಲಿ ಹುಡುಕಬೇಕಾದ್ದು ಟಿಪ್ಪುವಿನ ಸಿಂಹಾಸನದ ಕಟಕಟೆಯಲ್ಲಿದ್ದ ಹುಲಿಯ ತಲೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಚಿನ್ನದ ಮೇಲೆ ಕೆಂಪು, ಪಚ್ಚೆ, ವಜ್ರ ಕೂರಿಸಿದ್ದಾರೆ. ಇಡೀ ಸಿಂಹಾಸನವನ್ನು ಒಡೆದು ಹಂಚಿಕೊಂಡಾಗ ಉಳಿದ ಚೂರು. ಟಿಪ್ಪುವಿನದ್ದೆನ್ನುವ ಹೂಬಳ್ಳಿಯ ಛೀಂಟು ಬಟ್ಟೆಯ ಡೇರೆಯೂ ಈ ಸಂಗ್ರಹದಲ್ಲಿದೆ. ಮಂಡ್ಯ ಕಡೆಯವರಾದ ನಮ್ಮ ಮಾವ ಆ ಗಾಜಿನ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಹೊರಗಿನ ತೋಟಕ್ಕೂ ಬರಲಿಲ್ಲ, ಬೆಂಚಿನಲ್ಲಿ ಕೂತೇ ಇದ್ದರು. ನೀವೂ ಹೋಗಿ, ನೋಡಿ. ಹೇಗೆ ಬಂತು ಅನ್ನುವುದನ್ನು ಮಕ್ಕಳಿಗೆ ಅಲ್ಲೇ ಹೇಳಿ.

ವೇಲ್ಸ್ ಗಡಿ ಅಂತೀರಲ್ಲ, ಗಡಿ ಕಣ್ಣಿಗೆ ಕಾಣುತ್ತಾ?

ಹಳೆಯ ಗಡಿ ಕಾಣುತ್ತದೆ. 8ನೇ ಶತಮಾನದಲ್ಲಿ ಆಫ ಅನ್ನುವ ದೊರೆ ವೇಲ್ಸ್‌ಗೆ ಎದುರಾಗಿ ಕಂದಕ ತೋಡಿ ಮಣ್ಣಿನ ಏರಿ ಹಾಕಿಸಿದ. ಅದರ ಜೊತೆಜೊತೆಗೆ 285 ಕಿ.ಮೀ. ಉದ್ದದ ನಡೆದಾರಿ ಇದೆ. ಏರಿ ಚೆನ್ನಾಗಿ ಉಳಿದಿರುವುದು ಕ್ಲನ್ ಪಶ್ಚಿಮದ ಲಾನ್‌ವೈರ್ ಗುಡ್ಡದಲ್ಲಿ. ಅಲ್ಲಿ ಗಂಟೆಗಟ್ಟಲೆ ನಡೆದರೂ ಕುರಿ ಬಿಟ್ಟು ಯಾರೂ ಸಿಗದ ದಿನಗಳಿವೆ. ವಾಪಸ್ ಬರುವಾಗ ಕ್ಲನ್ ಊರಿನಲ್ಲಿ ನಿಲ್ಲಿ. ದಿಬ್ಬದ ಮೇಲೆ ಕೋಟೆಯ ಪಾಳು, ಕೆಳಗೆ ಹಳೇ ಕಲ್ಲಿನ ಸೇತುವೆ. ಸೇತುವೆ ದಾಟಿ ಹೋದವರು ಹೋದದ್ದಕ್ಕಿಂತ ಚುರುಕಾಗಿ ಬರುತ್ತಾರೆ ಅಂತ ಊರಿನವರ ಮಾತು.

ನಂಗೆ ಕಲ್ಲು, ಮಣ್ಣು ಅಂದ್ರೆ ಇಷ್ಟ. ಭೂವಿಜ್ಞಾನದ ದೃಷ್ಟಿಯಿಂದ ಏನಿದೆ?

ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕಾಲದ ಕಲ್ಲು ಬೇರೆ ಕಡೆ ಸಿಗುವುದು ಕಷ್ಟ. ಲಾಂಗ್ ಮಿಂಡ್‌ನ ಕಲ್ಲಿಗೆ 50 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಅಲ್ಲಿಂದ ಕಣಿವೆ ದಾಟಿದರೆ ವೆನ್ಲಾಕ್ ಎಜ್, 42 ಕೋಟಿ ವರ್ಷಗಳಷ್ಟು ಹಿಂದೆ ಸಮಭಾಜಕದ ದಕ್ಷಿಣದಲ್ಲಿ ಬೆಚ್ಚಗಿನ ಕಡಲಿನಲ್ಲಿದ್ದ ಹವಳದ ದಿಬ್ಬ. ಆ ಹವಳ ಬೆಳೆದ ಕಾಲಕ್ಕೆ ಸೈಲೂರಿಯನ್ ಅಂತ ಹೆಸರಿಟ್ಟ ಭೂವಿಜ್ಞಾನಿ ಮರ್ಚಿಸನ್ ಓಡಾಡಿದ್ದು ಈ ಗಡಿನಾಡಿನಲ್ಲೇ. ಆ ಕಾಲದ ಎರಡು ಭಾಗಗಳನ್ನು ಇವತ್ತಿಗೂ ಜಗತ್ತಿನಾದ್ಯಂತ ವೆನ್ಲಾಕ್, ಲಡ್ಲೋ ಅಂತಲೇ ಕರೆಯುತ್ತಾರೆ. ಹಳೇ ಸುಣ್ಣಕಲ್ಲಿನ ಕ್ವಾರಿಗಳ ಪಕ್ಕ ಬಿದ್ದಿರುವ ಚೂರಿನಲ್ಲೂ ಹವಳದ ಗುರುತು ಕಾಣುತ್ತದೆ. ಸುತ್ತಿಗೆ ಒಯ್ಯಬೇಡಿ, ನೋಡಿ ಅಲ್ಲೇ ಇಡಿ.

ಉತ್ತರದಲ್ಲಿ ವಿಕ್ಸಲ್ ಮಾಸ್ ಇದೆ. ಸಾವಿರಾರು ವರ್ಷಗಳಿಂದ ಪಾಚಿ ಕೊಳೆಯದೆ ಪದರಪದರವಾಗಿ ಬೆಳೆದ ಜೌಗು. ಹಿಂದೆ ಉರುವಲಿಗೆ, ಆಮೇಲೆ ತೋಟದ ಗೊಬ್ಬರಕ್ಕೆ ಅದನ್ನು ಕಡಿದು ಮಾರುತ್ತಿದ್ದರು. ಈಗ ಕಾಲುವೆಗಳನ್ನು ಕಟ್ಟಿ ನೀರು ನಿಲ್ಲಿಸಿ ಮತ್ತೆ ಬೆಳೆಸುತ್ತಿದ್ದಾರೆ. ಗುರುತು ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ.

ಹೀತ್ ಚಾಪೆಲ್ ಅಂತ ಹೇಳಿದ್ರಿ. ಹೊಲದ ಮಧ್ಯೆ ಬರೀ ಒಂದು ಕಟ್ಟಡ ಕಾಣ್ತು. ಅದೇನಾ?

ಅದೇ. ಬ್ರೌನ್ ಕ್ಲೀ ಗುಡ್ಡದ ಕೆಳಗೆ, 12ನೇ ಶತಮಾನದ ಪುಟ್ಟ ಪ್ರಾರ್ಥನಾ ಮಂದಿರ. ಸುತ್ತ ಒಂದು ಹಳ್ಳಿ ಇತ್ತು. ಹಳ್ಳಿ ಹೋಯಿತು, ಇದು ಉಳಿಯಿತು. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಹುಲ್ಲಿನ ಕೆಳಗೆ ಮನೆಗಳ ಅಡಿಪಾಯ, ಬೀದಿಗಳ ತಗ್ಗು ನೆರಳಿನಿಂದ ಎದ್ದು ಕಾಣುತ್ತವೆ. ಮಧ್ಯಾಹ್ನ ಹೋದರೆ ಬರೀ ಹುಲ್ಲು.

ಒಳಗೆ ಸುಣ್ಣದ ಗೋಡೆಯಲ್ಲಿ ಹಳೆಯ ಚಿತ್ರಗಳ ಮಸುಕು ಗುರುತು, ಬಾಗಿಲಿರುವ ಮರದ ಆಸನಗಳು, ಕಿರಿದಾದ ಕಿಟಕಿಯಿಂದ ಒಂದು ಗೇಣು ಬೆಳಕು. ಮಳೆಗಾಲದ ತಣ್ಣನೆ ಕಲ್ಲಿನ ವಾಸನೆ. ಬಾಗಿಲಿಗೆ ಬೀಗ ಇದ್ದರೆ ಸುತ್ತ ಒಮ್ಮೆ ನೋಡಿ, ಕೀಲಿ ಎಲ್ಲಿದೆ ಅಂತ ಚೀಟಿ ಅಂಟಿಸಿರುತ್ತಾರೆ. ಹೊರಗೆ ಬರುವಾಗ ಬಾಗಿಲನ್ನು ಎಳೆದು ಭದ್ರವಾಗಿ ಹಾಕಿ. ತೆರೆದಿದ್ದರೆ ಕವಲುತೋಕೆ ಹಕ್ಕಿಗಳು ಒಳಗೆ ಸೇರಿ ದಾರಿ ಸಿಗದೆ ಸಾಯುತ್ತವೆ.